ನಾನಿ ಕೇಳಿದ ಪ್ರಶ್ನೆ: ಆಸ್ಪತ್ರೆಯ ಕಂಪ್ಯೂಟರನ್ನು ನಂಬುವುದು ಹೇಗೆ?

ಕಳೆದ ದಸರಾ ರಜೆಯಲ್ಲಿ ನಾನಿಯ ರಕ್ತ ಪರೀಕ್ಷೆಯ ರಿಪೋರ್ಟ್ ತರುವ ಕೆಲಸ ನನ್ನ ಪಾಲಿಗೆ ಬಂತು. ನಾನಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಲ್ಯಾಬಿನ ಕೌಂಟರಿನಲ್ಲಿ ಹೆಸರು ಹೇಳಿದೆ. ಅಲ್ಲಿದ್ದವರು ಕಂಪ್ಯೂಟರಿನಲ್ಲಿ ಹುಡುಕಿ ಪ್ರಿಂಟ್ ತೆಗೆದು ಕೊಟ್ಟರು. ಡಾಕ್ಟರರು ಅದನ್ನು ನೋಡಿ ಹುಬ್ಬು ಗಂಟಿಕ್ಕಿದರು. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ 11.2 ಇತ್ತು. ಹಿಂದಿನ ಸಲ 7.1 ಇತ್ತು. "ಇನ್ಸುಲಿನ್ ಶುರು ಮಾಡಬೇಕಾಗುತ್ತದೆ ಅಮ್ಮಾ" ಎಂದು ಪೆನ್ನು ಎತ್ತಿಕೊಂಡವರು ಹಾಳೆಯ ಮೇಲ್ಭಾಗವನ್ನು ಮತ್ತೊಮ್ಮೆ ನೋಡಿ ಸುಮ್ಮನಾದರು. ಅಲ್ಲಿ ವಯಸ್ಸು 38 ಎಂದಿತ್ತು. ನಾನಿಗೆ 67.

ನಾನಿಯದು ನಮ್ಮೂರಿನ ಪ್ರತಿ ಓಣಿಯಲ್ಲೂ ಒಬ್ಬರಿಗೆ ಇರುವ ಹೆಸರು. ಲ್ಯಾಬಿಗೆ ಮರಳಿ ಹೋದಾಗ, "ಒಂದೇ ಹೆಸರಿನವರು ಇಬ್ಬರಿದ್ದರು" ಎಂದು ಹೇಳಿ ಇನ್ನೊಂದು ಪ್ರಿಂಟ್ ಕೊಟ್ಟು, ಹಳೆಯದನ್ನು ಹರಿದು ಬುಟ್ಟಿಗೆ ಹಾಕಿದರು. ನಾನಿಯ ನಿಜವಾದ ಅಂಕಿ 7.3. ಆಟೋದಲ್ಲಿ ಬರುವಾಗ ನನಗೆ ಸಮಾಧಾನವಾಗಿತ್ತು, ನಾನಿಗೆ ಆಗಿರಲಿಲ್ಲ. "ಬೇಟಾ, ನನ್ನ ರಿಪೋರ್ಟ್ ಆ ಹೆಣ್ಣುಮಗಳ ಕೈಗೆ ಹೋಗಿದ್ದರೆ? ಅವಳಿಗೆ ಯಾರು ಹೇಳುತ್ತಾರೆ?" ಎಂದು ಕೇಳಿದರು.

ನನ್ನಲ್ಲಿ ಉತ್ತರ ಇರಲಿಲ್ಲ. ಮರುದಿನ ಹೋಗಿ ಕೇಳಿದೆ. ಯಾರಿಗೆ ಯಾವ ರಿಪೋರ್ಟ್ ಪ್ರಿಂಟ್ ಮಾಡಿ ಕೊಟ್ಟೆವು ಎಂಬ ಲೆಕ್ಕ ತಮ್ಮ ಕಂಪ್ಯೂಟರಿನಲ್ಲಿ ಉಳಿಯುವುದಿಲ್ಲ ಎಂದರು. ಔಷಧ ಮತ್ತು ಆರೋಗ್ಯ ಕ್ಷೇತ್ರದ ಕಂಪ್ಯೂಟರುಗಳನ್ನು ನಂಬಲು ಯಾವ ಪದ್ಧತಿಗಳಿರಬೇಕು ಎಂದು ನಾನು ಓದತೊಡಗಿದ್ದು ಅಂದಿನಿಂದ.

ಹೆಸರು ಗುರುತಲ್ಲ

ನಮ್ಮ ತರಗತಿಯ ಹಾಜರಿ ಪುಸ್ತಕವನ್ನೇ ನೋಡಿ. ಮೊಹಮ್ಮದ್, ಮಹಮ್ಮದ್, ಮುಹಮ್ಮದ್, ಎಂ.ಡಿ. ಹೀಗೆ ಒಂದೇ ಹೆಸರಿಗೆ ನಾಲ್ಕು ಬರಹ. ಆಧಾರ್‌ನಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು. ಕಂಪ್ಯೂಟರಿಗೆ ಇವು ನಾಲ್ವರು ಬೇರೆ ಬೇರೆ ಜನ. ಅದೇ ಕಂಪ್ಯೂಟರಿಗೆ ನಮ್ಮ ನಾನಿ ಮತ್ತು ಆ 38 ವರ್ಷದ ಹೆಣ್ಣುಮಗಳು ಒಬ್ಬರೇ ಆಗಿ ಕಾಣಬಹುದು.

ಆದ್ದರಿಂದ ರೋಗಿಯನ್ನು ಕನಿಷ್ಠ ಎರಡು ವಿವರಗಳಿಂದ ಗುರುತಿಸಬೇಕು ಎಂದು 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ರೋಗಿ ಸುರಕ್ಷತಾ ಸಲಹೆಗಳು ಹೇಳುತ್ತವೆ. ಹೆಸರಿನ ಜೊತೆಗೆ ಹುಟ್ಟಿದ ದಿನಾಂಕ ಅಥವಾ ನೋಂದಣಿ ಸಂಖ್ಯೆ ಇರಬೇಕು. ಕೋಣೆಯ ಸಂಖ್ಯೆಯನ್ನು ಗುರುತಾಗಿ ಬಳಸಬಾರದು, ಏಕೆಂದರೆ ರೋಗಿಯನ್ನು ಬೇರೆ ಕೋಣೆಗೆ ಬದಲಾಯಿಸಬಹುದು. ನಮ್ಮ ದೇಶದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಕೊಡುವ 14 ಅಂಕಿಗಳ ಆಭಾ ಸಂಖ್ಯೆಯ ಒಂದು ಉಪಯೋಗವೂ ಇದೇ. ಅಂದು ನಾನಿಯನ್ನು ಉಳಿಸಿದ್ದು ಡಾಕ್ಟರರ ಕಣ್ಣಿಗೆ ಬಿದ್ದ ಎರಡನೆಯ ವಿವರ.

ಅಳಿಸಬಾರದು, ತಿದ್ದಬಹುದು

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ಪೊಟ್ಯಾಶಿಯಂ ಪರ್ಮಾಂಗನೇಟ್ ಟೈಟ್ರೇಶನ್ ಮಾಡುವಾಗ ಬ್ಯೂರೆಟ್ ರೀಡಿಂಗುಗಳನ್ನು ನಾನು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದೆ. ಮೂರನೆಯದು ಮೊದಲೆರಡಕ್ಕೆ ಹೊಂದದಿದ್ದರೆ ರಬ್ಬರ್ ಹಾಕಿ ಹೊಂದಿಸುತ್ತಿದ್ದೆ. ಮನೆಗೆ ಬಂದು ಪೆನ್ನಿನಲ್ಲಿ ನೀಟಾಗಿ ರೆಕಾರ್ಡ್ ಬರೆಯುತ್ತಿದ್ದೆ. ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಇದನ್ನೇ ಮಾಡಿದರೆ ಅದು ದತ್ತಾಂಶದ ವಂಚನೆ. ಹೊಂದದ ಆ ಒಂದು ರೀಡಿಂಗ್ ಆ ಬ್ಯಾಚಿನ ಮಾತ್ರೆ ಕೆಟ್ಟಿದೆ ಎಂದು ಹೇಳುತ್ತಿರಬಹುದು.

ಔಷಧ ಕ್ಷೇತ್ರದಲ್ಲಿ ಯಾವುದೇ ದಾಖಲೆಗೆ ಐದು ಪ್ರಶ್ನೆ ಕೇಳುತ್ತಾರೆ. ಬರೆದವರು ಯಾರೆಂದು ಗೊತ್ತಾಗುತ್ತದೆಯೇ? ಓದಲು ಬರುತ್ತದೆಯೇ? ಕೆಲಸ ನಡೆದಾಗಲೇ ಬರೆದದ್ದೇ? ಇದೇ ಮೂಲ ಪ್ರತಿಯೇ? ಅಂಕಿ ಸರಿಯಿದೆಯೇ? ಈ ಐದು ಗುಣಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಸೇರಿಸಿ 'ಅಲ್ಕೋವಾ' ಎಂದು ಕರೆಯುತ್ತಾರೆ. ನನ್ನ ರೆಕಾರ್ಡ್ ಪುಸ್ತಕ ಮೊದಲ ಎರಡರಲ್ಲಿ ಮಾತ್ರ ಪಾಸು.

ಕಂಪ್ಯೂಟರಿಗೂ ಇದೇ ನಿಯಮ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1997ರಲ್ಲಿ ವಿದ್ಯುನ್ಮಾನ ದಾಖಲೆಗಳಿಗಾಗಿ ಒಂದು ನಿಯಮ ತಂದಿತು. ಯಾರು, ಯಾವಾಗ, ಯಾವುದನ್ನು ಬದಲಾಯಿಸಿದರು ಎಂಬುದನ್ನು ಕಂಪ್ಯೂಟರ್ ತಾನಾಗಿಯೇ ಸಮಯ ಸಹಿತ ದಾಖಲಿಸಬೇಕು, ಹೊಸ ಅಂಕಿಯ ಕೆಳಗೆ ಹಳೆಯ ಅಂಕಿ ಮುಚ್ಚಿಹೋಗಬಾರದು ಎಂದು ಅದು ಹೇಳುತ್ತದೆ. ಇದಕ್ಕೆ 'ಆಡಿಟ್ ಟ್ರೇಲ್' ಎನ್ನುತ್ತಾರೆ. ಇದನ್ನು ಓದಿದಾಗ ನನಗೆ ನೆನಪಾದದ್ದು ಮದ್ರಸಾದಲ್ಲಿ ಕಲಿತ ಸನದ್. ಹದೀಸ್ ವಿದ್ವಾಂಸರು ಒಂದು ಮಾತನ್ನು ಒಪ್ಪುವ ಮೊದಲು ಅದನ್ನು ಯಾರು ಯಾರಿಂದ ಕೇಳಿದರು ಎಂಬ ಸರಪಳಿಯನ್ನು ಪರೀಕ್ಷಿಸುತ್ತಿದ್ದರು. ನಡುವೆ ಒಂದು ಕೊಂಡಿ ಕಳಚಿದ್ದರೂ ಆ ವರದಿ ದುರ್ಬಲವೆನಿಸುತ್ತಿತ್ತು. ಸನದ್ ಇಲ್ಲದ ಲ್ಯಾಬ್ ರಿಪೋರ್ಟನ್ನು ಮಾತ್ರ ನಾವು ಏಕೆ ಕಣ್ಣುಮುಚ್ಚಿ ನಂಬಬೇಕು?

'ಇಲ್ಲಿಯವರೆಗೆ ಏನೂ ಆಗಿಲ್ಲ'

ಥೆರಾಕ್-25 ಎಂಬುದು ಕೆನಡಾದಲ್ಲಿ ತಯಾರಾದ, ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವ ಯಂತ್ರ. 1985ರಿಂದ 1987ರವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ಕನಿಷ್ಠ ಆರು ರೋಗಿಗಳಿಗೆ ಅದು ಮಿತಿಮೀರಿದ ವಿಕಿರಣ ಹಾಯಿಸಿತು. ಕೆಲವರು ಪ್ರಾಣ ಕಳೆದುಕೊಂಡರು. ಆಪರೇಟರ್ ಒಂದು ಅಕ್ಷರ ತಪ್ಪಾಗಿ ಒತ್ತಿ, ಬೇಗನೆ ತಿದ್ದಿದರೆ ಪರದೆಯ ಮೇಲೆ ತಿದ್ದುಪಡಿ ಕಾಣುತ್ತಿತ್ತು, ಆದರೆ ಯಂತ್ರದ ಒಳಗಿನ ವ್ಯವಸ್ಥೆ ಅದಕ್ಕೆ ತಕ್ಕಂತೆ ಬದಲಾಗುತ್ತಿರಲಿಲ್ಲ. ಇದೇ ದೋಷ ಹಿಂದಿನ ಮಾದರಿಯ ಸಾಫ್ಟ್‌ವೇರಿನಲ್ಲೂ ಇತ್ತು. ಆದರೆ ಅದರಲ್ಲಿ ಅಪಾಯ ಬಂದರೆ ತಾನಾಗಿ ತಡೆಯುವ ಯಾಂತ್ರಿಕ ಬೀಗಗಳಿದ್ದುದರಿಂದ ಯಾರಿಗೂ ತಿಳಿದಿರಲಿಲ್ಲ. ಹೊಸ ಯಂತ್ರದಲ್ಲಿ ಆ ಬೀಗಗಳನ್ನು ತೆಗೆದು ಸಾಫ್ಟ್‌ವೇರನ್ನೇ ನಂಬಿದರು. ಇಷ್ಟು ದಿನ ಏನೂ ಆಗಿಲ್ಲ ಎಂಬುದು ಸರಿಯಿದೆ ಎಂಬುದಕ್ಕೆ ಪುರಾವೆಯಲ್ಲ. ಕೈತಪ್ಪಿ ಒತ್ತಿದರೆ, ಅವಸರದಲ್ಲಿ ತಿದ್ದಿದರೆ ಏನಾಗುತ್ತದೆ ಎಂದು ಬೇಕೆಂದೇ ತಪ್ಪು ಮಾಡಿ ಪರೀಕ್ಷಿಸಬೇಕು.

ಇನ್ನೊಂದು ಪ್ರತಿ ಎಲ್ಲಿದೆ?

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳ ಮೇಲೆ ದಾಳಿಯಾಯಿತು. ಐದು ಸರ್ವರುಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿಯನ್ನು ದಾಳಿಕೋರರು ಯಾರೂ ಓದಲಾಗದ ಗೂಢಲಿಪಿಗೆ ಬದಲಾಯಿಸಿದ್ದರು. ನೋಂದಣಿಯಿಂದ ಹಿಡಿದು ಲ್ಯಾಬ್ ರಿಪೋರ್ಟಿನವರೆಗೆ ಎಲ್ಲವನ್ನೂ ಕೈಯಲ್ಲಿ ಬರೆಯಬೇಕಾಯಿತು. ಬಹುತೇಕ ಸೇವೆಗಳು ಸರಿಯಾಗಲು ಎರಡು ವಾರ ಹಿಡಿಯಿತು. ಜಾಲವನ್ನು ಸರಿಯಾಗಿ ಭಾಗ ಮಾಡದಿದ್ದದ್ದು ದಾಳಿಗೆ ದಾರಿಯಾಯಿತು ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಅಂದರೆ ಒಂದು ಕೋಣೆಗೆ ಬಿದ್ದ ಬೆಂಕಿ ಇನ್ನೊಂದಕ್ಕೆ ಹರಡದಂತೆ ನಡುವೆ ಗೋಡೆ ಇರಲಿಲ್ಲ. ಇ-ಹಾಸ್ಪಿಟಲ್ ಮಾಹಿತಿ ಮರಳಿ ಸಿಕ್ಕಿದ್ದು ದಾಳಿಗೆ ಸಿಗದ ಒಂದು ಬ್ಯಾಕಪ್ ಸರ್ವರಿನಿಂದ.

ಬ್ಯಾಕಪ್ಪಿಗೆ ಸುಲಭದ ಸೂತ್ರವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಸ್ಥಳದಲ್ಲಿ. ನಮ್ಮ ಪ್ರಾಜೆಕ್ಟ್ ಫೈಲುಗಳಿಗೂ ಇದು ಸಾಕು.

ಅಮಾನತ್

ಒಬ್ಬರು ನಂಬಿ ನಮ್ಮ ವಶಕ್ಕೆ ಕೊಟ್ಟದ್ದನ್ನು ಅಮಾನತ್ ಎನ್ನುತ್ತೇವೆ. ರೋಗಿಯ ರಿಪೋರ್ಟೂ ಹಾಗೆಯೇ. ಅದನ್ನು ವಾಟ್ಸಾಪ್ ಗುಂಪಿಗೆ ಹಾಕಿ "ದುವಾ ಮಾಡಿ" ಎಂದು ಬರೆಯುವಾಗಲೂ ಆ ಹಾಳೆ ನಮ್ಮದಲ್ಲ ಎಂಬುದು ನೆನಪಿರಬೇಕು. ದುವಾಕ್ಕೆ ಹೆಸರು ಸಾಕು, ರಿಪೋರ್ಟಿನ ಫೋಟೋ ಬೇಡ.

ನಮ್ಮಲ್ಲಿ ಕೆಲವರು ಮುಂದೆ ಫಾರ್ಮಸಿ, ನರ್ಸಿಂಗ್, ಲ್ಯಾಬ್ ಟೆಕ್ನಾಲಜಿ, ಕಂಪ್ಯೂಟರ್ ಸೈನ್ಸ್ ಓದುತ್ತೇವೆ. ಕೌಂಟರಿನ ಆಚೆ ಕೂರುವವರು ನಾವೇ ಆಗಬಹುದು. ಅಲ್ಲಿಯವರೆಗೆ ಈಚೆಯಿಂದ ಮಾಡಬಹುದಾದ ಕೆಲಸ ಚಿಕ್ಕದು: ರಿಪೋರ್ಟ್ ಕೈಗೆ ಬಂದಾಗ ಹೆಸರು, ವಯಸ್ಸು, ನೋಂದಣಿ ಸಂಖ್ಯೆ, ರಕ್ತ ಕೊಟ್ಟ ದಿನಾಂಕ, ಈ ನಾಲ್ಕನ್ನೂ ಅಲ್ಲೇ ನಿಂತು ನೋಡುವುದು. ಈಗ ನಾನಿ ನನಗಿಂತ ಮೊದಲೇ ಕೌಂಟರಿನಲ್ಲಿ "ವಯಸ್ಸು ಅರವತ್ತೇಳು, ನೋಡಿ ಕೊಡಿ" ಎನ್ನುತ್ತಾರೆ. ನಾನು ಬ್ಯೂರೆಟ್ ರೀಡಿಂಗನ್ನು ಪೆನ್ನಿನಲ್ಲೇ ಬರೆಯುತ್ತೇನೆ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ಬರೆಯುತ್ತೇನೆ. ಪುಟ ಮೊದಲಿನಷ್ಟು ಚೆನ್ನಾಗಿ ಕಾಣುವುದಿಲ್ಲ.

ಆ 38 ವರ್ಷದ ಹೆಣ್ಣುಮಗಳಿಗೆ ಅವರ ಸರಿಯಾದ ರಿಪೋರ್ಟ್ ತಲುಪಿತೋ ಇಲ್ಲವೋ ನಮಗೆ ಇಂದಿಗೂ ತಿಳಿದಿಲ್ಲ. ನಾನಿ ಈಗಲೂ ಒಮ್ಮೊಮ್ಮೆ ಕೇಳುತ್ತಾರೆ.