ಎಡಿಟರನ್ನು ಕನ್ನಡಕ್ಕೆ ಒಗ್ಗಿಸಿಕೊಳ್ಳುವುದು

ಗಡಿ ಊರುಗಳ ಸದಸ್ಯರ ಪಟ್ಟಿಗಳನ್ನು ಒಂದುಗೂಡಿಸುವಾಗ ನಮಗೆ ಎದುರಾಗುವ ತೊಡಕು ಲಿಪಿಯದು. ಸೊಲ್ಲಾಪುರದ ಪಟ್ಟಿಯಲ್ಲಿ ಹೆಸರು ಕನ್ನಡದಲ್ಲಿ, ವಿಳಾಸ ಮರಾಠಿಯಲ್ಲಿ. ಕಾಸರಗೋಡಿನದರಲ್ಲಿ ಮಲಯಾಳಂ, ತಾಳವಾಡಿಯದರಲ್ಲಿ ತಮಿಳು. ಇವೆಲ್ಲ ಒಂದೇ ಕಡತದಲ್ಲಿ ನಿಲ್ಲಬೇಕಾದರೆ ಯುನಿಕೋಡ್ ಬೇಕೇ ಬೇಕು. ನುಡಿ, ಬರಹದ ಹಳೆಯ ಫಾಂಟಿನ ಕಡತಗಳನ್ನು ಮೊದಲು ಪರಿವರ್ತಕದಿಂದ ಯುನಿಕೋಡಿಗೆ ತನ್ನಿ. ಮುಂದಿನ ಕೆಲಸಕ್ಕೆ ವಿಎಸ್ ಕೋಡ್ ಎಂಬ ಎಡಿಟರ್ ಮತ್ತು ಪೈಥಾನ್ ಸಾಕು, ಎರಡೂ ಉಚಿತ.

ವಿಎಸ್ ಕೋಡ್ ಹಾಕಿಕೊಂಡ ಕೂಡಲೇ ಕನ್ನಡ ಚೆನ್ನಾಗಿ ಕಾಣುವುದಿಲ್ಲ. ಕಂಟ್ರೋಲ್ ಮತ್ತು ಅಲ್ಪವಿರಾಮದ ಕೀಲಿ ಒಟ್ಟಿಗೆ ಒತ್ತಿದರೆ ಸೆಟ್ಟಿಂಗ್ಸ್ ತೆರೆಯುತ್ತದೆ. ಫಾಂಟ್ ಫ್ಯಾಮಿಲಿಯಲ್ಲಿ ಈಗಿರುವ ಹೆಸರುಗಳನ್ನು ಅಳಿಸದೆ, ಕೊನೆಗೆ ನೋಟೋ ಸ್ಯಾನ್ಸ್ ಕನ್ನಡ ಸೇರಿಸಿ. ಇಂಗ್ಲಿಷ್ ಮೊದಲಿನ ಫಾಂಟಿನಲ್ಲೇ ಉಳಿಯುತ್ತದೆ. ಲೈನ್ ಹೈಟ್ 1.8 ಇಡಿ, ಇಲ್ಲದಿದ್ದರೆ ಒತ್ತಕ್ಷರಗಳು ಕೆಳಸಾಲಿಗೆ ತಾಗುತ್ತವೆ. ವರ್ಡ್ ರ‍್ಯಾಪ್ ಆನ್ ಮಾಡಿ.

ಟೈಪಿಂಗ್‌ಗೆ ಕೆ. ಪಿ. ರಾವ್ ವಿನ್ಯಾಸ ಅಭ್ಯಾಸವಿದ್ದವರು ಅದನ್ನೇ ಬಳಸಲಿ. ಮನೆಯಲ್ಲಿ ಕನ್ನಡ ಮಾತಾಡಿ ಶಾಲೆಯಲ್ಲಿ ಮರಾಠಿಯನ್ನೋ ತೆಲುಗನ್ನೋ ಓದಿದ ನಮ್ಮ ಹುಡುಗರಿಗೆ ವಿಂಡೋಸ್‌ನಲ್ಲೇ ಇರುವ ಕನ್ನಡ ಫೊನೆಟಿಕ್ ಕೀಲಿಮಣೆ ಸುಲಭ.

ಇನ್ನು ಪೈಥಾನ್. ಕಡತ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಪ್ರತಿಸಲವೂ ಬರೆಯಿರಿ. ವಿಂಡೋಸ್‌ನಲ್ಲಿ ಅದನ್ನು ಬಿಟ್ಟರೆ ಕನ್ನಡ ಕೆಡುವ ಸಂಭವ ಹೆಚ್ಚು. 'ಕನ್ನಡ' ಎಂಬ ಪದದ ಉದ್ದ ಕೇಳಿದರೆ ಪೈಥಾನ್ 3 ಎನ್ನುವುದಿಲ್ಲ, 5 ಎನ್ನುತ್ತದೆ: ಕ, ನ, ವಿರಾಮ ಚಿಹ್ನೆ, ನ, ಡ. ನಮ್ಮ ಕಣ್ಣು ನೋಡುವುದೇ ಬೇರೆ, ಯಂತ್ರ ಎಣಿಸುವುದೇ ಬೇರೆ.

ಹೆಸರುಗಳು ಎರಡೆರಡು ಸಲ ಬರುವುದೂ ಇದರಿಂದಲೇ. ಅಶೋಕ್ ಎಂದು ಬರೆದಾಗ ಕೆಲವು ತಂತ್ರಾಂಶಗಳಲ್ಲಿ ಕೊನೆಗೆ 200ಸಿ ಸಂಕೇತದ ಒಂದು ಅದೃಶ್ಯ ಅಕ್ಷರ ಸೇರಿಕೊಳ್ಳುತ್ತದೆ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಇಬ್ಬರು ಅಶೋಕರು. ಹಾಗೆಯೇ 'ಕೋ' ಅಕ್ಷರದ ಸ್ವರಚಿಹ್ನೆ ಒಂದೇ ಸಂಕೇತವಾಗಿಯೂ ಇರಬಹುದು, ಬಿಡಿ ತುಂಡುಗಳಾಗಿಯೂ ಇರಬಹುದು. ಎರಡನೆಯದಕ್ಕೆ ಪೈಥಾನ್‌ನ ಯುನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಬಳಸಿ, ರೂಪ ಎನ್‌ಎಫ್‌ಸಿ ಎಂದು ಕೊಡಿ. ಮೊದಲನೆಯದನ್ನು ಪದದ ಕೊನೆಯಲ್ಲಿ ಮಾತ್ರ ತೆಗೆಯಿರಿ. ನಡುವೆ ಕೈಹಾಕಿದರೆ ರಾಜ್‌ಕುಮಾರ್ ಹೋಗಿ ರಾಜ್ಕುಮಾರ್ ಆಗುತ್ತಾರೆ! ಮತದಾನದ ಹಕ್ಕು ಇರುವ ಸದಸ್ಯರ ಪಟ್ಟಿಯಲ್ಲಿ ಇದು ಸಣ್ಣ ವಿಷಯವಲ್ಲ.

ಪಟ್ಟಿಯನ್ನು ಎಕ್ಸೆಲ್‌ನಲ್ಲಿ ನೋಡುವವರಿಗೆ ಕಳಿಸುವುದಾದರೆ, ವಿಎಸ್ ಕೋಡ್‌ನ ಕೆಳಗಿನ ಪಟ್ಟಿಯಲ್ಲಿ ಬಲಗಡೆ ಕಾಣುವ ಯುಟಿಎಫ್-8 ಮೇಲೆ ಒತ್ತಿ, ಬಿಒಎಂ ಸಹಿತ ಉಳಿಸುವ ಆಯ್ಕೆ ಆರಿಸಿ. ಆಗ ಅಲ್ಲಿಯೂ ಕನ್ನಡ ಕನ್ನಡವಾಗಿಯೇ ತೆರೆಯುತ್ತದೆ.