ಬೆಳ್ಳಿಯ ಒರಟು ಮೈಮೇಲೆ ರಾಮನ್ ಬೆಳಕು

ನೀರಿನಲ್ಲಿ ಮುಳುಗಿದ ಬೆಳ್ಳಿಯ ವಿದ್ಯುದಗ್ರಕ್ಕೆ ಅಂಟಿಕೊಂಡ ಪಿರಿಡಿನ್ ಅಣುಗಳನ್ನು ಪತ್ತೆ ಹಚ್ಚುವುದು ಹೇಗೆ? 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿಗಳಾದ ಮಾರ್ಟಿನ್ ಫ್ಲೈಶ್‌ಮನ್, ಪ್ಯಾಟ್ರಿಕ್ ಹೆಂಡ್ರಾ ಮತ್ತು ಜೇಮ್ಸ್ ಮೆಕ್‌ಕ್ವಿಲನ್ ಅವರ ಮುಂದಿದ್ದ ಪ್ರಶ್ನೆ ಇದು. ಅವಗೆಂಪು ಕಿರಣ ಬಿಟ್ಟರೆ ನೀರೇ ಅದನ್ನು ಹೀರಿಬಿಡುತ್ತದೆ. ಅವರು ರಾಮನ್ ಪರಿಣಾಮದ ಮೊರೆಹೋದರು.

ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಕೊಂಡ ಸಂಗತಿಯಿದು. ಅಣುವಿಗೆ ತಾಗಿ ಚದುರುವ ಬೆಳಕಿನ ಬಹುಪಾಲು ಬಣ್ಣ ಬದಲಿಸುವುದಿಲ್ಲ. ಸುಮಾರು ಒಂದು ಕೋಟಿ ಫೋಟಾನುಗಳಲ್ಲಿ ಒಂದು ಮಾತ್ರ ಅಣುವಿನ ಕಂಪನಕ್ಕೆ ಶಕ್ತಿ ಕೊಟ್ಟು, ಇಲ್ಲವೇ ಅದರಿಂದ ಪಡೆದು, ಬೇರೆ ತರಂಗಾಂತರದಲ್ಲಿ ಹೊರಬೀಳುತ್ತದೆ. ಯಾವ ಅಣು ಎಂಬುದನ್ನು ಈ ವ್ಯತ್ಯಾಸವೇ ಹೇಳುತ್ತದೆ. ಆದರೆ ಈ ಬೆಳಕು ತೀರಾ ಮಂದ. 1960ರಲ್ಲಿ ಲೇಸರ್ ಬಂದ ಮೇಲೂ ಒಂದೇ ಪದರದಷ್ಟು ಅಣುಗಳಿಂದ ಸಂಕೇತ ಹಿಡಿಯುವುದು ಕಷ್ಟವಾಗಿತ್ತು.

ಸೌತಾಂಪ್ಟನ್ನಿನವರು ವಿದ್ಯುತ್ ಹಾಯಿಸಿ ಬೆಳ್ಳಿಯ ಮೈಯನ್ನು ಒರಟು ಮಾಡಿದರು. ಒರಟಾದಷ್ಟೂ ಮೇಲ್ಮೈ ಹೆಚ್ಚು, ಅಂಟುವ ಅಣುಗಳೂ ಹೆಚ್ಚು ಎಂಬುದು ಅವರ ಲೆಕ್ಕ. ಸಂಕೇತ ಢಾಳಾಗಿ ಬಂತು.

ಲೆಕ್ಕ ಮಾತ್ರ ಸರಿಯಿರಲಿಲ್ಲ. 1977ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ರಿಚರ್ಡ್ ವ್ಯಾನ್ ಡೈನ್ ಮತ್ತು ಡೇವಿಡ್ ಜೀನ್‌ಮೇರ್, ಇಂಗ್ಲೆಂಡಿನ ಕೆಂಟ್ ವಿಶ್ವವಿದ್ಯಾಲಯದ ಆಲ್ಬ್ರೆಕ್ಟ್ ಮತ್ತು ಕ್ರೈಟನ್ ಬೇರೆಬೇರೆಯಾಗಿಯೇ ಒಂದು ಮಾತು ತೋರಿಸಿಕೊಟ್ಟರು: ಸಂಕೇತ ಲಕ್ಷ ಪಟ್ಟಿನ ಆಸುಪಾಸಿನಲ್ಲಿ ಹೆಚ್ಚಿದೆ, ಒರಟು ಮಾಡಿದ ಮಾತ್ರಕ್ಕೆ ಮೇಲ್ಮೈ ಅಷ್ಟು ಹಿಗ್ಗುವುದಿಲ್ಲ.

ಕಾರಣದ ದೊಡ್ಡ ಪಾಲು ಸಿಕ್ಕಿದ್ದು ಲೋಹದ ಭೌತವಿಜ್ಞಾನದಲ್ಲಿ. ಬೆಳ್ಳಿಯ ನ್ಯಾನೋ ಗಾತ್ರದ ಉಬ್ಬುಗಳ ಮೇಲೆ ತಕ್ಕ ಬಣ್ಣದ ಬೆಳಕು ಬಿದ್ದಾಗ ಅಲ್ಲಿನ ಎಲೆಕ್ಟ್ರಾನುಗಳು, ಹದವರಿತು ನೂಕಿದ ಉಯ್ಯಾಲೆಯಂತೆ, ಒಟ್ಟಾಗಿ ತೂಗತೊಡಗುತ್ತವೆ. ಇದು ಪ್ಲಾಸ್ಮಾನ್. ಉಬ್ಬಿನ ಪಕ್ಕದಲ್ಲಿ ವಿದ್ಯುತ್ ಕ್ಷೇತ್ರ ಹಿಗ್ಗಿ, ಅಣುವಿನತ್ತ ಬರುವ ಬೆಳಕನ್ನೂ ಅಣುವಿನಿಂದ ಹೊರಡುವ ಬೆಳಕನ್ನೂ ಹೆಚ್ಚಿಸುತ್ತದೆ. ಹಾಗಾಗಿ ಕ್ಷೇತ್ರ ಹತ್ತು ಪಟ್ಟಾದರೆ ಸಂಕೇತ ಸುಮಾರು ಹತ್ತು ಸಾವಿರ ಪಟ್ಟಾಗುತ್ತದೆ. ರಸಾಯನ ವಿಜ್ಞಾನಕ್ಕೂ ಇಲ್ಲಿ ಪಾಲಿದೆ: ಲೋಹಕ್ಕೂ ಅಂಟಿದ ಅಣುವಿಗೂ ನಡುವೆ ಎಲೆಕ್ಟ್ರಾನ್ ಕೊಡುಕೊಳ್ಳುವಿಕೆ ನಡೆದು ಸಂಕೇತ ಇನ್ನಷ್ಟು ಬಲಗೊಳ್ಳುತ್ತದೆ.

1997ರ ಹೊತ್ತಿಗೆ ಈ ವಿಧಾನ ಒಂಟಿ ಅಣುವನ್ನೂ ಗುರುತಿಸಿತು. ಹಣ್ಣಿನ ಸಿಪ್ಪೆಯ ಮೇಲಿನ ಕೀಟನಾಶಕದ ಶೇಷ, ಸ್ಫೋಟಕದ ಕಣ, ಹಳೆಯ ಬಟ್ಟೆಗೆ ಹಾಕಿದ ಬಣ್ಣ ಇವೆಲ್ಲದರ ಪತ್ತೆಗೆ ಇದು ಬಳಕೆಯಾಗುತ್ತಿದೆ.

ಒಂದು ತೊಡಕುಂಟು. ಒರಟು ಮಾಡಿದ ಬೆಳ್ಳಿಯ ಎರಡು ತುಂಡುಗಳು ಒಂದೇ ತರ ಇರುವುದಿಲ್ಲ. ಒಂದರಲ್ಲಿ ಹೊಳೆದ ಸಂಕೇತ ಇನ್ನೊಂದರಲ್ಲಿ ಮಂಕಾಗಬಹುದು. ವ್ಯಾನ್ ಡೈನ್ ತಂಡ ಸೂಕ್ಷ್ಮ ಗೋಳಗಳನ್ನು ಒತ್ತೊತ್ತಾಗಿ ಹಾಸಿ, ಅವುಗಳ ಸಂದುಗಳಲ್ಲಿ ಬೆಳ್ಳಿಯ ಆವಿ ಕೂರಿಸಿ, ಆಮೇಲೆ ಗೋಳಗಳನ್ನು ತೆಗೆದುಹಾಕಿ ಒಂದೇ ಅಳತೆಯ ತ್ರಿಕೋನಗಳ ಸಾಲು ಪಡೆಯಿತು. ತ್ರಿಕೋನದ ಗಾತ್ರ ಬದಲಿಸಿದರೆ ಪ್ಲಾಸ್ಮಾನ್ ಒಗ್ಗುವ ಬಣ್ಣವೂ ಬದಲಾಗುತ್ತದೆ. ಹಾಗಾಗಿ ಕೈಯಲ್ಲಿರುವ ಲೇಸರಿಗೆ ತಕ್ಕ ಬೆಳ್ಳಿಯನ್ನು ಅಳೆದು ತಯಾರಿಸಿಕೊಳ್ಳಬಹುದು.