ಎಂಜಿನ್ನಿನೊಳಗಿನ ಬೆಂಕಿಗೆ ಯಾಕಿಷ್ಟು ಅವಸರ?

ಶಿರಾ ತಾಲ್ಲೂಕಿನ ಮದಲೂರಿನಿಂದ ಬಂದ ಪ್ರಶ್ನೆಯಿದು. ಓದುಗರೊಬ್ಬರ ಮನೆಯಂಗಳದಲ್ಲಿ ಹಳೆಯ ಮಾರುತಿ ಝೆನ್ ನಿಂತಿದೆ. ಮಾರಲು ಮನಸ್ಸಿಲ್ಲ. ಮಗನೂ ಅವನ ಗೆಳೆಯರೂ ಸೇರಿ ಅದನ್ನು ಮನೆಯಲ್ಲೇ ಬಿಚ್ಚಿ, ಜೋರು ಗಾಡಿಯಾಗಿ ಮತ್ತೆ ಕಟ್ಟುವ ಹುರುಪಿನಲ್ಲಿದ್ದಾರೆ. ಸೈಲೆನ್ಸರ್ ತೆಗೆದು ದಪ್ಪ ಪೈಪ್ ಹಾಕಿದರೆ ಪಿಕಪ್ ಹೆಚ್ಚುತ್ತದಂತೆ, ನೂರು ಆಕ್ಟೇನಿನ ಪೆಟ್ರೋಲ್ ಹಾಕಿದರೆ ಇನ್ನೂ ಹೆಚ್ಚಂತೆ, ಹೌದೇ ಎಂದು ಅಪ್ಪ ಕೇಳಿದ್ದಾರೆ.

ಎರಡಕ್ಕೂ ಉತ್ತರ ಬಹುಮಟ್ಟಿಗೆ 'ಇಲ್ಲ'. ಆದರೆ ಹುಡುಗರು ಕೈಹಾಕಿರುವ ಗಾಡಿ ಮಾತ್ರ ಸರಿಯಾದದ್ದೇ. 1993ರಲ್ಲಿ ಬಂದ ಝೆನ್‌ನ 993 ಸಿಸಿ ಎಂಜಿನ್ ಪೂರ್ತಿ ಅಲ್ಯೂಮಿನಿಯಮ್ಮಿನದು. ಕಾರ್ಬುರೇಟರ್ ಇದ್ದ ಮೊದಲ ಮಾದರಿ ಕೊಡುತ್ತಿದ್ದದ್ದು ಬರೀ 50 ಅಶ್ವಶಕ್ತಿ. ಮೈ ಹಗುರವಾದ್ದರಿಂದ ಅಷ್ಟರಲ್ಲೇ ಅದು ಚುರುಕಾಗಿ ಓಡುತ್ತಿತ್ತು. ರ್‍ಯಾಲಿಯ ಹುಚ್ಚಿದ್ದವರು ಅದನ್ನು ಇಷ್ಟಪಟ್ಟದ್ದು ಸುಮ್ಮನಲ್ಲ.

ಮೊದಲು ಸೈಲೆನ್ಸರಿನ ವಿಚಾರ ಮುಗಿಸಿಬಿಡೋಣ. ಸದ್ದು ಹೆಚ್ಚಾದರೆ ಶಕ್ತಿಯೂ ಹೆಚ್ಚಾಯಿತೆಂದು ಕಿವಿ ನಂಬಿಬಿಡುತ್ತದೆ. ಲೆಕ್ಕ ಹಾಕಿದರೆ ನಗು ಬರುತ್ತದೆ. 50 ಅಶ್ವಶಕ್ತಿ ಎಂದರೆ ಸುಮಾರು 37,000 ವ್ಯಾಟ್. ಬೀದಿಯನ್ನೆಲ್ಲ ಎಬ್ಬಿಸುವ ಬರಿ ಪೈಪಿನಿಂದ ಸದ್ದಾಗಿ ಹೊರಬೀಳುವುದು ಕೆಲವೇ ವ್ಯಾಟ್! ಅಷ್ಟು ಸಾಲದೆಂಬಂತೆ ದಪ್ಪ ಪೈಪಿನಲ್ಲಿ ಹೊಗೆಯ ವೇಗ ಕುಗ್ಗುತ್ತದೆ. ಮುಂದೆ ಹೋದ ಹೊಗೆ ತನ್ನ ಹಿಂದಿನದನ್ನು ಸೆಳೆದುಕೊಳ್ಳುವ ಬಲ ಕಡಿಮೆಯಾಗುತ್ತದೆ, ಊರೊಳಗೆ ಓಡಿಸುವ ಕಡಿಮೆ ಸುತ್ತಿನಲ್ಲಿ ಇದ್ದ ಪಿಕಪ್ಪೂ ಕೈಬಿಡುತ್ತದೆ. ರೇಸ್ ಗಾಡಿಗಳಲ್ಲಿ ಹೊಗೆ ಕೊಳವೆಯ ಉದ್ದ, ಅಗಲಗಳನ್ನು ಅಳೆದು ಕತ್ತರಿಸುತ್ತಾರೆ, ಕ್ಯಾಮ್‌ಶಾಫ್ಟಿಗೆ ಹೊಂದಿಸುತ್ತಾರೆ. ಅದು ಬೇರೆಯೇ ಕಸುಬು. ಸಂತೆಪೇಟೆಯಲ್ಲಿ ವೆಲ್ಡಿಂಗ್ ಮಾಡಿಸಿ ತಂದ ಡಬ್ಬಕ್ಕೂ ಅದಕ್ಕೂ ನಂಟಿಲ್ಲ. ರಾಜ್ಯದ ಹಲವೆಡೆ ಪೊಲೀಸರು ಇಂಥ ಪೈಪುಗಳನ್ನು ರಸ್ತೆಯಲ್ಲಿ ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸಿದ್ದಾರೆ. ಅಲ್ಲಿ ಚಪ್ಪಟೆಯಾದವುಗಳಲ್ಲಿ ಶಕ್ತಿ ಹೆಚ್ಚಿಸಿದವು ಎಷ್ಟಿದ್ದವೋ!

ನಿಜವಾದ ಚಮತ್ಕಾರ ನಡೆಯುವುದು ಹೊಗೆಯ ತುದಿಯಲ್ಲಲ್ಲ, ಬೆಂಕಿ ಹೊತ್ತುವಲ್ಲಿ.

ಪೆಟ್ರೋಲ್ ಆವಿಯನ್ನೂ ಗಾಳಿಯನ್ನೂ ಹದವಾಗಿ ಬೆರೆಸಿ, ಅಲುಗಾಡದಂತೆ ಇಟ್ಟು ಕಿಡಿ ಹಚ್ಚಿದರೆ ಉರಿ ಆ ಮಿಶ್ರಣದೊಳಕ್ಕೆ ಸೆಕೆಂಡಿಗೆ ಸುಮಾರು 40 ಸೆಂಟಿಮೀಟರಿನಷ್ಟು ಮಾತ್ರ ಮುಂದೆ ಸಾಗುತ್ತದೆ. ಮಗು ಅಂಬೆಗಾಲಿಡುವಷ್ಟು ವೇಗ. ಝೆನ್ ಎಂಜಿನ್ನಿನ ಸಿಲಿಂಡರಿನ ವ್ಯಾಸ 72 ಮಿಲಿಮೀಟರ್. ಪ್ಲಗ್ಗಿನಿಂದ ಹೊರಟ ಉರಿ 40 ಮಿಲಿಮೀಟರ್ ದಾಟಬೇಕೆಂದಿಟ್ಟುಕೊಂಡರೂ ಈ ವೇಗದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುತ್ತಿದ್ದರೆ ಅಷ್ಟರಲ್ಲಿ ಕ್ರ್ಯಾಂಕ್ ಹತ್ತು ಸುತ್ತು ಮುಗಿಸಿರುತ್ತದೆ. ಪಿಸ್ಟನ್ ಕೆಳಗಿಳಿದು, ಹೊಗೆ ವಾಲ್ವ್ ತೆರೆದು, ಮತ್ತೆ ಮತ್ತೆ ಹೊಸ ಗಾಳಿ ಬಂದು ಹೋಗಿದ್ದರೂ ಹಳೆಯ ಬೆಂಕಿ ಇನ್ನೂ ದಾರಿಯಲ್ಲೇ ಇರಬೇಕಿತ್ತು. ಸಿಲಿಂಡರಿನ ಬಿಸಿ, ಉರಿದ ಅನಿಲ ಹಿಗ್ಗಿ ಉರಿಯನ್ನು ಮುಂದಕ್ಕೆ ತಳ್ಳುವುದು ಎಲ್ಲ ಸೇರಿ ವೇಗ ಐದು ಪಟ್ಟಾಯಿತೆಂದುಕೊಂಡರೂ ಎರಡು ಸುತ್ತು ಬೇಕು. ಸಿಗುವುದು ಅರ್ಧ ಸುತ್ತಿಗಿಂತ ಕಡಿಮೆ.

ಅಂದರೆ, ಈ ಲೆಕ್ಕದ ಪ್ರಕಾರ ಪೆಟ್ರೋಲ್ ಕಾರು ಓಡಲೇಬಾರದು. ಆದರೂ ಶಿರಾದ ಹೆದ್ದಾರಿಯಲ್ಲಿ ದಿನವಿಡೀ ಓಡುತ್ತಿವೆ!

ಉತ್ತರ ಕದಡುವಿಕೆಯಲ್ಲಿದೆ. ಕಿರಿದಾದ ವಾಲ್ವಿನ ಸಂದಿಯಿಂದ ಒಳನುಗ್ಗುವ ಗಾಳಿ ಸುಳಿಸುಳಿಯಾಗಿ ಕದಡಿಹೋಗುತ್ತದೆ. ಉರಿಯ ನಯವಾದ ಮೈ ಸಾವಿರ ಕಡೆ ಮುದುಡಿ, ಹರಿದು, ನಾಲಗೆಗಳಾಗಿ ಚಾಚಿಕೊಳ್ಳುತ್ತದೆ. ಮೇಲ್ಮೈ ಹೆಚ್ಚಾದಷ್ಟೂ ಒಂದೇ ಗಳಿಗೆಯಲ್ಲಿ ಹೊತ್ತಿಕೊಳ್ಳುವ ಮಿಶ್ರಣ ಹೆಚ್ಚು. ಉರಿಯ ವೇಗ ಸೆಕೆಂಡಿಗೆ ಹತ್ತಾರು ಮೀಟರಿಗೆ ಏರುತ್ತದೆ. ನಂಬದವರು ಸೌದೆ ಒಲೆಯ ಮುಂದೆ ಊದುಕೊಳವೆ ಹಿಡಿದವರನ್ನು ಕೇಳಬಹುದು.

ಇದಕ್ಕಿಂತ ಸೊಗಸಾದ ಸಂಗತಿ ಮುಂದಿದೆ. ಎಂಜಿನ್ 1,000 ಸುತ್ತಿನಲ್ಲಿ ಗುರುಗುಟ್ಟುತ್ತಿರುವಾಗ ಉರಿಯಲು ಸಿಗುವ ಸಮಯಕ್ಕೆ ಹೋಲಿಸಿದರೆ 6,000 ಸುತ್ತಿನಲ್ಲಿ ಸಿಗುವುದು ಆರನೇ ಒಂದು ಪಾಲು. ಉರಿಯ ವೇಗ ಒಂದೇ ಆಗಿದ್ದರೆ ಒಂದು ಸುತ್ತಿಗೆ ಹೊಂದಿದ ಎಂಜಿನ್ ಇನ್ನೊಂದಕ್ಕೆ ಹೊಂದುತ್ತಲೇ ಇರಲಿಲ್ಲ. ಆದರೆ ಸುತ್ತು ಹೆಚ್ಚಾದಂತೆ ಗಾಳಿ ನುಗ್ಗುವ ವೇಗವೂ ಹೆಚ್ಚುತ್ತದೆ, ಕದಡುವಿಕೆಯೂ ಹೆಚ್ಚುತ್ತದೆ, ಉರಿಯೂ ಅದಕ್ಕೆ ತಕ್ಕಂತೆ ಓಡುತ್ತದೆ. ಯಾರೂ ಹೇಳಿಕೊಡದೆ ಬೆಂಕಿ ಪಿಸ್ಟನ್ನಿನ ಹೆಜ್ಜೆಗೆ ಹೆಜ್ಜೆ ಹಾಕುತ್ತದೆ! ಬ್ರಿಟನ್ನಿನ ಎಂಜಿನಿಯರ್ ಡುಗಾಲ್ಡ್ ಕ್ಲರ್ಕ್ ನೂರು ವರ್ಷಗಳಿಗೂ ಹಿಂದೆ ಇದನ್ನು ಜಾಣತನದಿಂದ ತೋರಿಸಿಕೊಟ್ಟ. ಒಳಗೆ ಬಂದ ಮಿಶ್ರಣಕ್ಕೆ ಕೂಡಲೇ ಕಿಡಿ ಕೊಡದೆ, ವಾಲ್ವುಗಳನ್ನು ಮುಚ್ಚಿಟ್ಟು ಕೆಲವು ಬಾರಿ ಸುಮ್ಮನೆ ಒತ್ತಿ ಬಿಟ್ಟು, ಸುಳಿಗಳೆಲ್ಲ ತಣ್ಣಗಾದ ಮೇಲೆ ಹಚ್ಚಿದ. ಅದೇ ಮಿಶ್ರಣ, ಅದೇ ಎಂಜಿನ್, ಆದರೆ ಉರಿ ಬಹಳ ನಿಧಾನವಾಯಿತು.

ಇದನ್ನು ಕಬ್ಬಿಣಕ್ಕಿಳಿಸಿದ್ದು ಅದೇ ನಾಡಿನ ಹ್ಯಾರಿ ರಿಕಾರ್ಡೊ. ಪಿಸ್ಟನ್ ಮೇಲೆ ಬಂದಾಗ ಅದರ ಒಂದು ಪಕ್ಕ ಸಿಲಿಂಡರಿನ ಮುಚ್ಚಳವಾದ ಹೆಡ್ಡಿನ ಚಪ್ಪಟೆ ಭಾಗಕ್ಕೆ ಹೆಚ್ಚುಕಮ್ಮಿ ತಾಗುವಷ್ಟು ಹತ್ತಿರವಾದರೆ ಆ ಸಂದಿಯಲ್ಲಿದ್ದ ಮಿಶ್ರಣ ಚಿಮ್ಮಿಕೊಂಡು ಪ್ಲಗ್ಗಿನ ಕಡೆ ನುಗ್ಗುತ್ತದೆ. ಕಿಡಿ ಬೀಳುವ ಹೊತ್ತಿಗೆ ಸರಿಯಾಗಿ ಹೊಸ ಕದಡು. ಟ್ಯೂನ್ ಮಾಡುವವರು 'ಸ್ಕ್ವಿಶ್' ಎನ್ನುವುದು ಇದಕ್ಕೇ. ಆ ಸಂದಿ ಒಂದು ಮಿಲಿಮೀಟರಿನ ಆಸುಪಾಸಿನದು. ಗ್ಯಾಸ್ಕೆಟ್ ದಪ್ಪವಾದರೂ ಸಾಕು, ಇದರ ಗುಣ ಕೆಡುತ್ತದೆ.

ಈ ಸಂದಿಯ ಬೆನ್ನು ಬಿದ್ದವರಲ್ಲಿ ಮೈಸೂರಿನವರೊಬ್ಬರಿದ್ದಾರೆ ಎಂಬುದು ಕನ್ನಡಿಗರಲ್ಲೇ ಅನೇಕರಿಗೆ ಗೊತ್ತಿಲ್ಲ. ಸೋಮೇಂದರ್ ಸಿಂಗ್ ಮೈಸೂರಿನಲ್ಲಿ ಬೈಕು, ಕಾರುಗಳನ್ನು ರೇಸಿಗೆ ಹದಗೊಳಿಸುತ್ತಿದ್ದವರು. ದೊಡ್ಡ ಪ್ರಯೋಗಾಲಯವಿಲ್ಲ, ಕಂಪನಿಯ ಬೆನ್ನುಬಲವಿಲ್ಲ. ಹೆಡ್ಡಿನ ಚಪ್ಪಟೆ ಭಾಗದಲ್ಲಿ ಪ್ಲಗ್ಗಿನ ಕಡೆಗೆ ಮುಖಮಾಡಿದ ಸಣ್ಣ ಗೀರುಕಾಲುವೆಗಳನ್ನು ಕೊರೆದರೆ ಚಿಮ್ಮುವ ಮಿಶ್ರಣ ಇನ್ನಷ್ಟು ಕದಡುತ್ತದೆ, ಉರಿ ಬೇಗ ಮುಗಿಯುತ್ತದೆ, ಕಡಿಮೆ ಸುತ್ತಿನಲ್ಲೂ ಎಂಜಿನ್ ಎಳೆಯುತ್ತದೆ ಎಂಬುದು ಅವರ ವಾದ. 2001ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು, ಸಂಖ್ಯೆ 6,237,579. 2004ರಲ್ಲಿ ಅಲ್ಲಿನ 'ಪಾಪ್ಯುಲರ್ ಸೈನ್ಸ್' ಪತ್ರಿಕೆ ಅವರ ಹಟದ ಕಥೆಯನ್ನು ವಿಸ್ತಾರವಾಗಿ ಪ್ರಕಟಿಸಿತು. ಅಂದಿನಿಂದ ಲೋಕದ ಎಷ್ಟೋ ಹವ್ಯಾಸಿಗಳು 'ಸಿಂಗ್ ಗ್ರೂವ್' ಎಂದು ಹೆಸರಿಟ್ಟು ತಮ್ಮ ಹೆಡ್ಡುಗಳ ಮೇಲೆ ಗೀರು ಹಾಕಿಕೊಂಡಿದ್ದಾರೆ.

ಹಾಗಾದರೆ ಮದಲೂರಿನ ಹುಡುಗರೂ ಗೀರು ಹಾಕಬಹುದೇ? ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಕದಡಿದರೆ ಉರಿ ವೇಗವಾಗುತ್ತದೆಂಬ ತತ್ತ್ವ ಗಟ್ಟಿಯಾದದ್ದು. ಆದರೆ ಗೀರಿನಿಂದ ಎಷ್ಟು ಲಾಭ ಎಂಬುದು ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ. ಯಾವ ದೊಡ್ಡ ಕಾರು ಕಂಪನಿಯೂ ಅದನ್ನು ಕೈಗೆತ್ತಿಕೊಂಡು ಲಕ್ಷಗಟ್ಟಲೆ ಕಾರುಗಳಿಗೆ ಹಾಕಲಿಲ್ಲ. ಹೊಸ ಎಂಜಿನ್ನುಗಳಲ್ಲಿ ನಾಲ್ಕು ವಾಲ್ವು, ನಡುಮಧ್ಯದ ಪ್ಲಗ್ಗು, ಗಾಳಿದಾರಿಯ ಬಾಗುಗಳೇ ಕದಡುವ ಕೆಲಸ ಮಾಡುತ್ತವೆ. ಗೀರಿನ ಅಂಚು ಚೂಪಾಗಿ ಉಳಿದರೆ ಕೆಂಪಗೆ ಕಾದು, ಕಿಡಿಗೆ ಮುಂಚೆಯೇ ತಾನೇ ಬೆಂಕಿ ಹಚ್ಚುವ ಅಪಾಯವೂ ಉಂಟು. ಹೆಡ್ಡಿನ ಮೇಲೆ ಒಮ್ಮೆ ಕೊರೆದದ್ದು ಮತ್ತೆ ತುಂಬುವುದಿಲ್ಲ. ಗುಜರಿಯಿಂದ ಇನ್ನೊಂದು ಹೆಡ್ ತಂದು ಅದರ ಮೇಲೆ ಕೈ ಪಳಗಿಸಿಕೊಳ್ಳುವವರು ಜಾಣರು.

ಅದಕ್ಕಿಂತ ನಂಬಬಹುದಾದ ದಾರಿ ಕಂಪ್ರೆಷನ್ ಏರಿಸುವುದು, ಅಂದರೆ ಮಿಶ್ರಣವನ್ನು ಇನ್ನಷ್ಟು ಕಿರಿದಾದ ಜಾಗಕ್ಕೆ ಒತ್ತುವುದು. 72 ಮಿಲಿಮೀಟರ್ ವ್ಯಾಸದ ಸಿಲಿಂಡರಿನಲ್ಲಿ ಗ್ಯಾಸ್ಕೆಟ್ ಅರ್ಧ ಮಿಲಿಮೀಟರ್ ತೆಳುವಾದರೆ ಉರಿಕೋಣೆಯಿಂದ ಸುಮಾರು 2 ಸಿಸಿ ಜಾಗ ಕಡಿಮೆಯಾಗುತ್ತದೆ. ಕೋಣೆಯೇ 30 ಸಿಸಿಯ ಆಸುಪಾಸಿನದಾದ್ದರಿಂದ ಇದು ಸಣ್ಣ ಬದಲಾವಣೆಯಲ್ಲ. ಲೇತ್ ಅಂಗಡಿಯಲ್ಲಿ ಹೆಡ್ಡಿನ ತಳವನ್ನು ತುಸು ಹೆರೆಸಿ 'ಹೆಡ್ ಫೇಸಿಂಗ್' ಮಾಡಿಸುವುದೂ ಇದೇ ದಿಕ್ಕಿನ ಕೆಲಸ. ಅತಿಯಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಹಳೆಯ ಫಿಟ್ಟರುಗಳು ಪಿಸ್ಟನ್ನಿನ ತಲೆಯ ಮೇಲೆ ಮಕ್ಕಳ ಆಟದ ಜೇಡಿಯನ್ನು ಅಂಟಿಸಿ, ಹೆಡ್ ಬಿಗಿದು, ಕೈಯಲ್ಲೇ ಕ್ರ್ಯಾಂಕ್ ಎರಡು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ ಜೇಡಿಯನ್ನು ಬ್ಲೇಡಿನಿಂದ ಕೊಯ್ದು ದಪ್ಪ ನೋಡುತ್ತಿದ್ದರು. ಕಂಪ್ಯೂಟರಿಲ್ಲದ ಈ ಪರೀಕ್ಷೆಯನ್ನು ಇಂದಿಗೂ ಯಾರೂ ಬಿಟ್ಟುಕೊಡಬಾರದು.

ಆಕ್ಟೇನಿನ ಪ್ರಶ್ನೆಗೆ ಇಲ್ಲೇ ಉತ್ತರವಿದೆ. ಮಿಶ್ರಣವನ್ನು ಹೆಚ್ಚು ಒತ್ತಿದರೆ ಬಿಸಿಯಾಗುತ್ತದೆ. ಓಡಿಬರುವ ಉರಿ ಮುಟ್ಟುವ ಮುನ್ನವೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಅದೇ ನಾಕಿಂಗ್, ಏರು ಹತ್ತುವಾಗ ಕೇಳುವ 'ಟಿಂಗ್ ಟಿಂಗ್'. ಆಕ್ಟೇನ್ ಸಂಖ್ಯೆ ಹೇಳುವುದು ಪೆಟ್ರೋಲ್ ಹೀಗೆ ಸಿಡಿಯದೆ ಎಷ್ಟು ತಡೆದುಕೊಳ್ಳುತ್ತದೆ ಎಂಬುದನ್ನಷ್ಟೇ, ಅದರಲ್ಲಿ ಎಷ್ಟು ಶಕ್ತಿಯಿದೆ ಎಂಬುದನ್ನಲ್ಲ. ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ ತಂದ 100 ಆಕ್ಟೇನಿನ ಪೆಟ್ರೋಲನ್ನು ಬದಲಾವಣೆಯಿಲ್ಲದ ಹಳೆಯ ಝೆನ್‌ಗೆ ತುಂಬಿಸಿದರೆ ಬಂಕಿನವರಿಗೆ ಲಾಭ. ಕಂಪ್ರೆಷನ್ ಏರಿಸಿ, ಕಿಡಿಯ ಟೈಮಿಂಗ್ ಅದಕ್ಕೆ ಹೊಂದಿಸಿದ ಮೇಲೆ ಮಾತ್ರ ಅದಕ್ಕೆ ಅರ್ಥ. ಈಗಿನ ಪೆಟ್ರೋಲಿಗೆ ಶೇ. 20ರವರೆಗೆ ಬೆರೆಯುವ ಎಥನಾಲ್ ಆಕ್ಟೇನ್ ಏರಿಸುತ್ತದೆ. ಆದರೆ ಅದು ಲೀಟರಿಗೆ ಕೊಡುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ, ಹಳೆಯ ಗಾಡಿಯ ರಬ್ಬರ್ ಪೈಪುಗಳನ್ನೂ ಅದು ಮೆತ್ತಗಾಗಿಸುತ್ತದೆ. ಮೂವತ್ತು ವರ್ಷದ ಕಾರನ್ನು ಮತ್ತೆ ಕಟ್ಟುವವರು ಮೊದಲು ಬದಲಿಸಬೇಕಾದವು ಆ ಪೈಪುಗಳು.

ಪೆಟ್ರೋಲ್ ಪೈಪಿಗೆ ಅಯಸ್ಕಾಂತ ಕಟ್ಟಿದರೆ ಶಕ್ತಿ, ಮೈಲೇಜ್ ಎರಡೂ ಏರುತ್ತವೆಂದು ಮಾರುವವರು ಇಂದಿಗೂ ಇದ್ದಾರೆ. ಪೆಟ್ರೋಲು ಅಯಸ್ಕಾಂತಕ್ಕೆ ಸೊಪ್ಪು ಹಾಕುವ ವಸ್ತುವಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಧನ ಉಳಿಸುತ್ತೇವೆಂದ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿ, ಹೇಳಿಕೊಳ್ಳುವಂಥ ಉಳಿತಾಯ ಕಾಣಲಿಲ್ಲವೆಂದಿದೆ. ಆಯುಧಪೂಜೆಗೆ ಚಕ್ರದಡಿ ಇಡುವ ನಿಂಬೆಹಣ್ಣಾದರೂ ಕಡಿಮೆ ಬೆಲೆಯದು. 

ಇನ್ನು ಕಾನೂನು. ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಒಪ್ಪಿಗೆಯಿಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಎಂಜಿನ್ ಬದಲಿಸುವ ಯೋಚನೆಯಿದ್ದರೆ ಮೊದಲು ಆರ್‌ಟಿಒ ಕಚೇರಿ, ಆಮೇಲೆ ಗ್ಯಾರೇಜು.

ವೇಗದ ಆಸೆ ತೀರಿಸಿಕೊಳ್ಳಲು ಹೆದ್ದಾರಿಯೂ ಬೇಡ, ಮಧುಗಿರಿ ರಸ್ತೆಯೂ ಬೇಡ. ಚೆನ್ನೈ ಬಳಿಯ ಶ್ರೀಪೆರಂಬದೂರಿನ ಟ್ರ್ಯಾಕ್, ಕೊಯಮತ್ತೂರಿನ ಕರಿ ಸ್ಪೀಡ್‌ವೇ ಇರುವುದು ಅದಕ್ಕಾಗಿಯೇ. ಮಾರುತಿ 800ರ ಪುಟ್ಟ ಎಂಜಿನ್ ಕೂರಿಸಿದ 'ಫಾರ್ಮುಲಾ ಮಾರುತಿ' ಗಾಡಿಗಳು ಓಡಿದ್ದು, ರೇಸ್ ಚಾಲಕ ನರೈನ್ ಕಾರ್ತಿಕೇಯನ್ ಮೊದಲ ರೇಸಿಗಿಳಿದದ್ದು ಶ್ರೀಪೆರಂಬದೂರಿನಲ್ಲಿ. ಓದಿನ ಜೊತೆಗೇ ಕಾರು ಕಟ್ಟಬೇಕೆಂಬ ಹುಡುಗ ಹುಡುಗಿಯರಿಗೆ ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ 'ಅಶ್ವ ರೇಸಿಂಗ್' ತಂಡದಂಥ ದಾರಿಗಳಿವೆ. ಚೌಕಟ್ಟಿನಿಂದ ಹಿಡಿದು ಇಡೀ ಗಾಡಿಯನ್ನು ವಿದ್ಯಾರ್ಥಿಗಳೇ ಕಟ್ಟುತ್ತಾರೆ.

ಕೊನೆಗೆ ದುಡ್ಡಿನ ಮಾತು. ಮೊದಲ ಖರ್ಚು ಎಂಜಿನ್ನಿಗಲ್ಲ, ಬ್ರೇಕು ಮತ್ತು ಟೈರಿಗೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಹಿಡಿದು ನಿಲ್ಲಲು 45 ಮೀಟರ್ ಬೇಕಾಗುವ ಗಾಡಿಗೆ 140ರಲ್ಲಿ ಸುಮಾರು 90 ಮೀಟರ್ ಬೇಕು. ಅದಾದ ಮೇಲೆ ಒಂದು ಕಂಪ್ರೆಷನ್ ಗೇಜು ಕೊಳ್ಳಿ. ಹೆಡ್ ಬಿಚ್ಚುವ ಮುನ್ನ ನಾಲ್ಕೂ ಸಿಲಿಂಡರಿನ ಒತ್ತಡ ಬರೆದಿಟ್ಟುಕೊಂಡು, ಕಟ್ಟಿದ ಮೇಲೆ ಮತ್ತೆ ಅಳೆಯಿರಿ. ಎರಡೂ ಅಂಕಿಗಳನ್ನು, ಗ್ಯಾಸ್ಕೆಟ್ಟಿನ ದಪ್ಪದ ಸಮೇತ, ಈ ಅಂಕಣಕ್ಕೆ ಬರೆದು ತಿಳಿಸಿ.